ಬೆಳಗಿನ ಏರು

ಅಮ್ಮನ ಹೊಟ್ಟೆಯೊಳಗಿನ ಸ್ವಿಚ್ಚನ್ನು ಬೆಳಗಿನ ಹೊತ್ತು ಯಾರೋ ಒತ್ತುತ್ತಿದ್ದರು. ಯಾರು ಎಂದು ಮನೆಯಲ್ಲಿ ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳದೆ ಇದ್ದುದರಿಂದಲೇ ಎಲ್ಲರಿಗೂ ಉತ್ತರ ಗೊತ್ತಿರುವ ಹಾಗೆ ಕಾಣುತ್ತಿತ್ತು.

ಸ್ವಿಚ್ಚಿನ ಸಂಗತಿ ಇಷ್ಟು. ನಾನು ಕೆಲಸ ಮಾಡುವ ಕಂಪನಿ ಸಕ್ಕರೆ ಕಾಯಿಲೆಗೆ ‘ಸಹವಾಸಿ’ ಎಂಬ ಔಷಧಿ ಕೊಡುತ್ತದೆ. ಔಷಧಿ ಅನ್ನುವುದಕ್ಕಿಂತ ಅದೊಂದು ಬ್ಯಾಕ್ಟೀರಿಯಾ, ನಮ್ಮೆಲ್ಲರ ಕರುಳಿನಲ್ಲೂ ಇರುವ ಸಾಧಾರಣ ಜಾತಿಯದು. ಅದಕ್ಕೆ ಹುಟ್ಟಾ ಒಂದು ಜಿಪುಣ ಬುದ್ಧಿ. ಹಾಲಿನ ಸಕ್ಕರೆ ಎದುರಿಗೆ ಬಂದರೆ ಮಾತ್ರ ಅದನ್ನು ಜೀರ್ಣಿಸುವ ಕಿಣ್ವ ತಯಾರಿಸುತ್ತದೆ. ಇಲ್ಲದಿದ್ದರೆ ಕಿಣ್ವದ ಜೀನಿನ ಮೇಲೆ ಬೀಗ ಕೂತೇ ಇರುತ್ತದೆ. ಹಾಲಿನ ಸಕ್ಕರೆಯ ಜೊತೆಗೆ ಗ್ಲೂಕೋಸೂ ಸಿಕ್ಕಿತೋ, ಸುಲಭದ ಗ್ಲೂಕೋಸನ್ನು ಮೊದಲು ತಿಂದುಕೊಂಡು ಹಾಲಿನ ಸಕ್ಕರೆಯ ಕಡೆಗೆ ಅರೆಮನಸ್ಸಿನಲ್ಲಿ ನೋಡುತ್ತದೆ. ಕಂಪನಿಯವರು ಅದೇ ಬೀಗದ ಹಿಂದೆ ಇನ್ನೊಂದು ಜೀನನ್ನು ಕೂರಿಸಿದರು, ರಕ್ತದ ಸಕ್ಕರೆ ಇಳಿಸುವ ಔಷಧಿ ತಯಾರಿಸುವಂಥದ್ದನ್ನು. ಊಟವಾದ ಮೇಲೆ ಹಾಲಿನ ಸಕ್ಕರೆಯ ಗುಳಿಗೆಯೊಂದನ್ನು ಚೀಪಿದರೆ ಬೀಗ ತೆರೆಯುತ್ತದೆ, ಕರುಳಿನಲ್ಲೇ ಔಷಧಿ ತಯಾರಾಗುತ್ತದೆ. ಊಟದ ಗ್ಲೂಕೋಸ್ ಒಂದಿಷ್ಟು ಇದ್ದೇ ಇರುವುದರಿಂದ ಕೆಲಸ ಸಣ್ಣ ಉರಿಯಲ್ಲಿ ನಡೆಯುತ್ತದೆ. ಸೂಜಿ ಚುಚ್ಚಿಕೊಳ್ಳುವ ರಗಳೆ ಇಲ್ಲ. ಒಂದೇ ಪಥ್ಯ: ಹಾಲು ಮುಟ್ಟಬಾರದು. ಮುಟ್ಟಿದರೆ ಹೊತ್ತಲ್ಲದ ಹೊತ್ತಿನಲ್ಲಿ ಬೀಗ ತೆರೆದು ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ.

ಅಮ್ಮನಿಗೆ ನಾನು ಇದನ್ನೆಲ್ಲ ವಿವರಿಸಿದ ದಿನ ಅವಳು ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಕ್ಕರೆ ಕಾಯಿಲೆಯಿಂದಾಗಿ ಪಾದದ ಹುಣ್ಣು ಎರಡು ವರ್ಷದಿಂದ ಒಣಗಿರಲಿಲ್ಲ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು.

“ಟ್ರಂಕ್ ಕಾಲ್ ಇದ್ದ ಹಾಗೆ ಅನ್ನು,” ಎಂದಳು. “ಆ ಕಡೆಯವರೂ ಇರಬೇಕು, ಲೈನೂ ಖಾಲಿ ಇರಬೇಕು. ಎರಡೂ ಆದ್ರೆ ಪ್ಲಗ್ ಹಾಕೋದು.”

“ಹೂಂ, ಹಾಗೇ.”

“ಲೈನಲ್ಲಿ ಕದ್ದು ಕೇಳೋರು ಇದ್ದೇ ಇರ್ತಾರೆ, ತಿಳ್ಕೊ. ನಾವು ಎಷ್ಟು ಜನರ ಸಂಸಾರ ಕೇಳಿಲ್ಲ.”

ಆದರೂ ಒಪ್ಪಿದಳು. ಹಾಲಿಲ್ಲದ ಕಾಫಿಗೆ ದಿನವೂ ಮುಖ ಕಿವುಚಿದಳು. ಎರಡು ತಿಂಗಳಿಗೆ ಹುಣ್ಣು ಮುಚ್ಚಿಕೊಂಡು ಅದರ ಮೇಲೆ ತೆಳ್ಳನೆಯ ಗುಲಾಬಿ ಚರ್ಮ ಬಂತು. ಅತ್ತಿಗೆ ಅದನ್ನು ದಿನಾ ಬೆಳಕಿಗೆ ಹಿಡಿದು ನೋಡುತ್ತಿದ್ದಳು. “ಮಗು ಕೆನ್ನೆ ಇದ್ದ ಹಾಗಿದೆ ಅತ್ತೆ, ಮುತ್ತು ಕೊಡಲಾ?” ಎಂದರೆ ಅಮ್ಮ ಕಾಲೆಳೆದುಕೊಂಡು “ಥೂ, ಹೋಗೇ” ಎನ್ನುತ್ತಿದ್ದಳು. ನಗುತ್ತಲೇ.

ನನಗೆ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೆಲಸ. ಸೂಕ್ಷ್ಮಜೀವಿಶಾಸ್ತ್ರ ಓದಿದವಳು ಪ್ರಯೋಗಾಲಯದಲ್ಲಿ ಇರಬೇಕಿತ್ತು. ಸಂದರ್ಶನದ ದಿನ ನನ್ನ ದನಿ ಮೇಜಿನ ಆಚೆಗೆ ತಲುಪಲಿಲ್ಲ. “ಇವರಿಗೆ ಪರದೆ ನೋಡೋ ಕೆಲಸ ಕೊಡಿ” ಎಂದು ಪ್ರಹ್ಲಾದ ಸರ್ ಹೇಳಿದ್ದರು. ಅವರೇ ಇಡೀ ಯೋಜನೆಯ ಮುಖ್ಯಸ್ಥರು. ಸಹವಾಸಿ ತೆಗೆದುಕೊಂಡವರೆಲ್ಲ ತೋಳಿಗೆ ಒಂದು ಪಟ್ಟಿ ಅಂಟಿಸಿಕೊಂಡಿರುತ್ತಾರೆ. ಬೀಗ ತೆರೆದಾಗ ಬ್ಯಾಕ್ಟೀರಿಯಾ ಔಷಧಿಯ ಜೊತೆಗೆ ಒಂದು ಗುರುತಿನ ವಸ್ತುವನ್ನೂ ಬಿಡುತ್ತದೆ. ಅದು ಬೆವರಿಗೆ ಬರುತ್ತದೆ, ಪಟ್ಟಿ ಅದನ್ನು ಓದುತ್ತದೆ, ನಮ್ಮ ಪರದೆಯ ಮೇಲೆ ಗೆರೆಯೊಂದು ಏಳುತ್ತದೆ. ಊಟದ ನಂತರ ಸಣ್ಣ ಗುಡ್ಡ, ಆಮೇಲೆ ಬಯಲು. ಹೆಸರುಗಳಿರುವುದಿಲ್ಲ, ಸಂಖ್ಯೆಗಳಷ್ಟೆ. ಅಮ್ಮನ ಸಂಖ್ಯೆ ನನಗೆ ಗೊತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಗೆರೆ ತಪ್ಪಾಗಿ ಎದ್ದರೆ ಮನೆಗೆ ಫೋನ್ ಮಾಡುವುದು ನಸೀಮಾಳ ಕೆಲಸ. ಪಕ್ಕದ ಕುರ್ಚಿಯವಳು.

“ಅಜ್ಜೀ, ಬೆಳಿಗ್ಗೆ ಏನಾದ್ರೂ ತಗೊಂಡ್ರಾ? ಹಾಲು, ಪೇಡ, ಗುಳಿಗೆ?”

“ಏನೂ ಇಲ್ಲ ಕಣಮ್ಮ. ಬರೀ ಹೊಟ್ಟೆ.”

ನಸೀಮಾ ಫೋನಿಟ್ಟು ನನ್ನ ಕಡೆ ತಿರುಗುತ್ತಿದ್ದಳು. “ಊರಿಗೆ ಊರೇ ಬರೀ ಹೊಟ್ಟೇಲಿ ಕೂತಿದೆಯಂತೆ. ಗೆರೆ ನೋಡಿದ್ರೆ ಮದುವೆ ಮನೆ ಪಂಕ್ತೀಲಿ ಉಂಡು ಎದ್ದವರ ಹಾಗಿದೆ. ಹಾಲು ಕುಡಿದ ಬೆಕ್ಕು ಯಾವತ್ತಾದ್ರೂ ಒಪ್ಕೊಂಡಿದೆಯಾ ಹೇಳು.”

ಇಂಥ ಬೆಳಗಿನ ಏರುಗಳು ಅಲ್ಲೊಂದು ಇಲ್ಲೊಂದು ಬರತೊಡಗಿದ್ದವು. ಪ್ರಹ್ಲಾದ ಸರ್ ಅವುಗಳ ಮುಂದೆ ‘ದುರ್ಬಳಕೆ’ ಎಂದು ಬರೆಸುತ್ತಿದ್ದರು. “ಗುಳಿಗೆ ಜಾಸ್ತಿ ನುಂಗಿದ್ರೆ ಬೇಗ ವಾಸಿಯಾಗುತ್ತೆ ಅಂದ್ಕೋತಾರೆ. ಪದೇ ಪದೇ ಆದ್ರೆ ಯೋಜನೆಯಿಂದ ತೆಗೀರಿ.” ಹಾಗೆ ಹೊರಬಿದ್ದವರು ಮತ್ತೆ ಸೂಜಿಗೆ, ಮತ್ತೆ ಹುಣ್ಣಿಗೆ.

ಒಂದು ಬೆಳಿಗ್ಗೆ ಎದ್ದ ಗೆರೆ ಅಮ್ಮನದಾಗಿತ್ತು. ಗುಡ್ಡವಲ್ಲ, ನೆಟ್ಟಗಿನ ಗೋಡೆ. ಅದೇ ಹೊತ್ತಿಗೆ ಅಣ್ಣ ಉಮಾಪತಿಯ ಫೋನ್ ಬಂತು: ಅಮ್ಮ ತುಳಸಿಗೆ ನೀರು ಹಾಕಲು ಹೋಗಿ ಹಿತ್ತಿಲಲ್ಲಿ ಬಿದ್ದಿದ್ದಾಳೆ, ಮೈಯೆಲ್ಲ ಬೆವರು, ಅತ್ತಿಗೆ ಬಾಯಿಗೆ ಸಕ್ಕರೆ ನೀರು ಬಿಟ್ಟಿದ್ದಾಳೆ, ಈಗ ಕಣ್ಣು ಬಿಟ್ಟಿದ್ದಾಳೆ.

ಮೊದಲ ಅನುಮಾನ ಅಮ್ಮನ ಮೇಲೆಯೇ ಬಿತ್ತು. ಅಣ್ಣ ಫ್ರಿಜ್ಜಿನ ಹಾಲಿನ ಪಾತ್ರೆಗೆ ಗುರುತು ಮಾಡಿದ. ಗುಳಿಗೆಯ ಡಬ್ಬಿಯನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಮ್ಮನಿಗೆ ಅವಮಾನವಾಯಿತು.

“ನಾನೇನು ಕದ್ದು ಹಾಲು ಕುಡಿಯೋ ಮಗುನೇನೋ?”

“ಮತ್ತೆ ಹೇಗಮ್ಮ ಆಗುತ್ತೆ? ಚಿನ್ಮಯೀ, ನೀನೇ ಹೇಳು, ಹಾಲಿನ ಸಕ್ಕರೆ ಇಲ್ದೆ ಆ ಬೀಗ ತೆಗೆಯುತ್ತಾ?”

“ಇಲ್ಲ,” ಎಂದೆ. ಕಾಲೇಜಿನಲ್ಲಿ ಓದಿದ್ದು ಅದನ್ನೇ, ಕಂಪನಿಯ ಕರಪತ್ರದಲ್ಲಿ ಇದ್ದದ್ದೂ ಅದೇ.

ಬೀಗ ಹಾಕಿದ ಮೇಲೂ ಗೋಡೆ ಎದ್ದಿತು. ಆಗ ಅಮ್ಮನ ಕಣ್ಣು ಬೇರೆ ಕಡೆ ಹೊರಳಿತು. ಬೆಳಿಗ್ಗೆ ಅಣ್ಣ ಏಳುವುದು ತಡ, ನನ್ನನ್ನು ಕಂಪನಿಯ ವ್ಯಾನು ಬೆಳಕು ಹರಿಯುವ ಮೊದಲೇ ಒಯ್ಯುತ್ತದೆ. ಅಮ್ಮನ ಜೊತೆ ಎದ್ದು ಓಡಾಡುವವಳು ಅತ್ತಿಗೆಯೊಬ್ಬಳೇ. ಅತ್ತಿಗೆ ದಾಕ್ಷಾಯಿಣಿ ಮದುವೆಗೆ ಮೊದಲು ಅರಸೀಕೆರೆಯ ಔಷಧಿ ಅಂಗಡಿಯಲ್ಲಿ ಕೂತವಳು. ಯಾವ ಗುಳಿಗೆ ಯಾವುದಕ್ಕೆ ಎಂದು ಹೊದಿಕೆ ನೋಡದೆ ಹೇಳಬಲ್ಲಳು. ಬೇರೆ ಮನೆ ಮಾಡೋಣ ಎಂದು ಅಣ್ಣನ ಹತ್ತಿರ ಒಮ್ಮೆ ಹೇಳಿದ್ದಳು. ಆ ಮಾತನ್ನು ಅಮ್ಮ ಮರೆತಿರಲಿಲ್ಲ. ಗೋಡೆಯಾಚೆಯ ಮಾತು ಕೇಳಿಸಿಕೊಳ್ಳುವುದು ಅವಳಿಗೆ ಕೆಲಸದಿಂದ ಬಂದ ಅಭ್ಯಾಸ.

“ನಾನು ಯಾರ ಹೆಸರೂ ಹೇಳ್ತಿಲ್ಲ,” ಎಂದು ಅಮ್ಮ ನನಗೆ ಪಿಸುಗುಟ್ಟಿದಳು. “ಆದ್ರೆ ಬೆಳಿಗ್ಗೆ ನನ್ನ ಕೈಗೆ ಲೋಟ ಕೊಡೋ ಕೈ ಒಂದೇ.”

ಆ ಲೋಟದಲ್ಲಿ ಇರುತ್ತಿದ್ದುದು ಗರಿಕೆ ರಸ. ಅಮ್ಮ ನಡೆದಾಡುತ್ತಿದ್ದಾಗ ಪಾರ್ಕಿನ ಬಾಗಿಲಲ್ಲಿ ಸ್ಟೀಲ್ ಕ್ಯಾನಿಟ್ಟುಕೊಂಡು ಮಾರುವವನ ಹತ್ತಿರ ಕುಡಿಯುತ್ತಿದ್ದಳು. ಕಾಲು ಕೆಟ್ಟ ಮೇಲೆ ಅದು ನಿಂತಿತ್ತು. ಹುಣ್ಣು ವಾಸಿಯಾದ ಹುರುಪಿನಲ್ಲಿ ಮತ್ತೆ ಬೇಕೆಂದಳು. ಅತ್ತಿಗೆ ಪಕ್ಕದ ಖಾಲಿ ಸೈಟಿನಿಂದ ಗರಿಕೆ ಕಿತ್ತು, ತೊಳೆದು, ಅರೆದು, ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು.

ಅನುಮಾನದ ವಾಸನೆ ಅತ್ತಿಗೆಗೂ ಬಡಿದಿತ್ತು. ಒಂದು ಭಾನುವಾರ ನಾನು ಮನೆಯಲ್ಲಿದ್ದೆ. ಅವಳು ಲೋಟವನ್ನು ಅಮ್ಮನ ಮುಂದಿಟ್ಟಳು. ಅಮ್ಮ ಅದನ್ನು ಮುಟ್ಟಲಿಲ್ಲ, ಸುಮ್ಮನೆ ನೋಡಿದಳು. ಅತ್ತಿಗೆ ಒಂದು ಕ್ಷಣ ನಿಂತು, ಅದೇ ಲೋಟವನ್ನು ಎತ್ತಿ, ತುಟಿಗೆ ತಾಕದ ಹಾಗೆ ಒಂದು ಗುಟುಕು ಗಂಟಲಿಗೆ ಹುಯ್ದುಕೊಂಡಳು.

“ನೋಡಿ ಅತ್ತೆ, ಇನ್ನೂ ಬದುಕಿದೀನಿ. ನಾನೇನು ಸೀರಿಯಲ್ ಸೊಸೆನಾ, ವಿಷ ಹಾಕಿ ಕಣ್ಣು ಅಗಲಿಸೋಕೆ?”

ಅಮ್ಮ ನಕ್ಕಳು. ಆಮೇಲೆ ಕುಡಿದಳು. ಆವತ್ತಿನಿಂದ ಅತ್ತಿಗೆ ದಿನವೂ ಹಾಗೇ ಮಾಡಿದಳು, ಮೊದಲು ಒಂದು ಗುಟುಕು ತಾನು. ನಗುವುದು ಮಾತ್ರ ಇಬ್ಬರೂ ಬಿಟ್ಟರು.

ಆ ಲೋಟದ ತಳದಲ್ಲಿ ಉಳಿದ ನಾಲ್ಕು ಹನಿಯನ್ನು ನಾನು ಸಣ್ಣ ಸೀಸೆಯಲ್ಲಿ ಹಾಕಿಕೊಂಡು ಕಂಪನಿಗೆ ಒಯ್ದೆ. ಹಾಲಿನ ಸಕ್ಕರೆ ಇದ್ದರೆ ಬಣ್ಣ ತಿರುಗುವ ಕಾಗದ ಪ್ರಯೋಗಾಲಯದಲ್ಲಿ ಇತ್ತು. ಅದ್ದಿದೆ. ಬಣ್ಣ ತಿರುಗಲಿಲ್ಲ. ಆಗ ನನಗೆ ಸಮಾಧಾನವಾಗಬೇಕಿತ್ತು. ಆದರೆ ಮನಸ್ಸು ಹೇಳಿದ್ದು ಬೇರೆ: ಹಾಗಾದರೆ ಬೇರೆ ದಾರಿಯಲ್ಲಿ ಕೊಡುತ್ತಿದ್ದಾಳೆ.

ದಾರಿ ಸಿಕ್ಕಿತು ಕೂಡ. ಅತ್ತಿಗೆಗೆ ಅರೆತಲೆನೋವು. ಅದಕ್ಕೆ ಅವಳು ಹೋಮಿಯೋಪತಿ ಗುಳಿಗೆ ತೆಗೆದುಕೊಳ್ಳುತ್ತಾಳೆ. ಅವಳು ಸ್ನಾನಕ್ಕೆ ಹೋದಾಗ ಪಿನ್ನು ಹುಡುಕುವ ನೆಪದಲ್ಲಿ ಕನ್ನಡಿಯ ಕೆಳಗಿನ ಡ್ರಾಯರ್ ಎಳೆದೆ. ಬಿಳಿಯ ಪುಟ್ಟ ಗುಳಿಗೆಗಳ ಸೀಸೆ. ಆ ಗುಳಿಗೆಗಳ ಮೈ ಹಾಲಿನ ಸಕ್ಕರೆಯದು. ಅದು ನನಗೆ ಗೊತ್ತಿತ್ತು, ಸೀಸೆಯ ಚೀಟಿಯ ಮೇಲೂ ಸಣ್ಣಕ್ಷರದಲ್ಲಿ ಇತ್ತು. ಔಷಧಿ ಅಂಗಡಿಯಲ್ಲಿದ್ದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ನನಗೆ ಜಗಳ ಆಡಲು ಬರುವುದಿಲ್ಲ. ಆ ಸೀಸೆಯನ್ನು ಊಟದ ಮೇಜಿನ ಮೇಲೆ, ಅಣ್ಣ ಕೂರುವ ಜಾಗದ ಎದುರಿಗೆ ಇಟ್ಟು ನನ್ನ ಕೋಣೆಗೆ ಹೋದೆ.

“ಇದೇನು ದಾಕ್ಷಿ?” ಅಣ್ಣನ ದನಿ.

“ನನ್ನ ತಲೆನೋವಿನ ಗುಳಿಗೆ. ಇಲ್ಲಿ ಯಾರು ಇಟ್ಟರು?”

“ಇದರಲ್ಲಿ ಏನಿರುತ್ತೆ ಅಂತ ನಿನಗೆ ಗೊತ್ತಾ?”

ನಾನು ಬಾಗಿಲ ಸಂದಿಯಿಂದ ನೋಡಿದೆ. ಅವಳು ಸೀಸೆಯನ್ನು ನೋಡುತ್ತಿರಲಿಲ್ಲ. ಅಣ್ಣನ ಮುಖವನ್ನು, ಆಮೇಲೆ ಅಮ್ಮನ ಮುಖವನ್ನು ನೋಡುತ್ತಿದ್ದಳು, ಅಂಗಡಿಗೆ ಬಂದ ಗಿರಾಕಿಯ ಚೀಟಿಯನ್ನು ಓದುವವರ ಹಾಗೆ.

“ಗೊತ್ತು,” ಎಂದಳು. “ಹಾಲಿನ ಸಕ್ಕರೆ. ಅಂದ್ರೆ ನಾನು ಅತ್ತೆಗೆ ಕೊಡ್ತಿದೀನಿ ಅಂತ.”

“ನಾನು ಹಾಗಂದ್ನಾ?”

“ಅನ್ನಲಿಲ್ಲ. ಅಂದಿದ್ರೆ ಜಗಳ ಆಡಬಹುದಿತ್ತು.”

ಮಾರನೆಯ ದಿನ ಅವಳು ಅರಸೀಕೆರೆಗೆ ಹೊರಟಳು. ತಾಯಿಯ ಕಣ್ಣಿನ ಆಪರೇಷನ್ ಇದೆ ಎಂದು ಪಕ್ಕದ ಮನೆಯವರಿಗೆ ಹೇಳಿದ್ದೂ ಅವಳೇ. ಅಣ್ಣ ಸ್ಟೇಷನ್ನಿನವರೆಗೆ ಬಿಟ್ಟುಬಂದು, ಶೂ ಬಿಚ್ಚದೆ ಸೋಫಾದಲ್ಲಿ ಕೂತ.

ಅವಳು ಹೋದ ಮರುದಿನ ಅಮ್ಮನ ಬೆಳಗಿನ ಗೆರೆ ಸಪಾಟು ಬಯಲು. ಅದರ ಮರುದಿನವೂ. ವಾರ ಕಳೆದರೂ ಬೆಳಗಿನ ಏರು ಇಲ್ಲ. ಪರದೆಯ ಮುಂದೆ ಕೂತು ಆ ಬಯಲನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅಮ್ಮ ಅತ್ತಿಗೆಯ ಕೋಣೆಯ ಬಾಗಿಲು ಹಾಕಿಸಿದಳು. ಅಣ್ಣ ಒಬ್ಬ ವಕೀಲರ ಹೆಸರನ್ನು ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದ. ಇನ್ನೊಂದು ವಾರ ಹೀಗೇ ಹೋದರೆ ಅತ್ತಿಗೆ ಈ ಮನೆಗೆ ಬರುವ ದಾರಿ ಮುಚ್ಚಿಹೋಗುವುದು ಕಾಣುತ್ತಿತ್ತು. ಅದನ್ನು ಕಂಡರೂ ನಾನು ಬಾಯಿ ತೆಗೆಯಲಿಲ್ಲ. ಗೆರೆ ಸುಳ್ಳು ಹೇಳುವುದಿಲ್ಲವಲ್ಲ.

ಆ ಶುಕ್ರವಾರ ನಾನು ವ್ಯಾನಿಗೆ ಸಿದ್ಧಳಾಗುತ್ತಿದ್ದಾಗ ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿಯ ಜಾರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ಅವಳು ಹೋದಾಗಿಂದ ಬಾಯಿಗೆ ಒಂದು ಹನಿ ಹಸಿರು ಬಿದ್ದಿಲ್ಲ ಕಣೇ. ಬಾಯೆಲ್ಲ ಜಡ್ಡುಗಟ್ಟಿದ ಹಾಗಿದೆ. ಒಂಚೂರು ಗರಿಕೆ ಅರೆದು ಕೊಟ್ಟು ಹೋಗು. ನಿನ್ನ ಕೈಯಿಂದಾದ್ರೆ ಧೈರ್ಯವಾಗಿ ಕುಡೀಬಹುದು.”

ಸೈಟಿಗೆ ಹೋಗಿ ಇಬ್ಬನಿ ಹಿಡಿದ ಗರಿಕೆ ಕಿತ್ತು ತಂದೆ. ಜಾರನ್ನು ನಾನೇ ತೊಳೆದೆ. ನಲ್ಲಿ ನೀರು, ಗರಿಕೆ, ಅಷ್ಟೆ. ಸೋಸಿ ಕೊಟ್ಟೆ. ಅಮ್ಮ ನನ್ನ ಗುಟುಕಿಗೆ ಕಾಯಲಿಲ್ಲ, ಒಂದೇ ಉಸಿರಿಗೆ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

ಕಂಟ್ರೋಲ್ ರೂಮಿನಲ್ಲಿ ಕೂತು ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. ಅಮ್ಮನ ಗೆರೆ ನಡುಗಿತು. ನಿಂತಿತು. ಎದ್ದಿತು.

ಮೊದಲು ನಾನು ಸಂಖ್ಯೆ ತಪ್ಪು ನೋಡಿದೆ ಅಂದುಕೊಂಡೆ. ಆಮೇಲೆ, ಅತ್ತಿಗೆ ಬಂದಿದ್ದಾಳೆಯೇ, ಹಿತ್ತಿಲ ಬಾಗಿಲಿನಿಂದ, ನಾನು ಹೊರಟ ಮೇಲೆ? ಇದನ್ನೂ ಯೋಚಿಸಿದೆ. ಅರಸೀಕೆರೆಯಿಂದ ಮೈಸೂರಿನ ನಮ್ಮ ಅಡುಗೆಮನೆಗೆ ಅವಳನ್ನು ಗಾಳಿಯಲ್ಲಿ ಹಾರಿಸಿ ತರುವುದು ನನ್ನ ಮನಸ್ಸಿಗೆ ಸುಲಭವಾಗಿ ಕಂಡಿತು. ಆ ಲೋಟ ಕೊಟ್ಟ ಕೈ ನನ್ನದು ಎಂಬುದನ್ನು ನೋಡುವುದೇ ಕಷ್ಟವಾಯಿತು.

“ನಸೀಮಾ,” ಎಂದೆ. “ಆ ಸಂಖ್ಯೆ ನಮ್ಮಮ್ಮ.”

ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, ಫೋನನ್ನು ನನ್ನ ಕಡೆಗೇ ತಳ್ಳಿದಳು. “ನೀನೇ ಮಾಡು. ಬೇಗ.”

“ಅಣ್ಣ, ಏಳು. ಅಮ್ಮನಿಗೆ ಸಕ್ಕರೆ ನೀರು ಕುಡಿಸು. ಈಗಲೇ.” ನನ್ನ ದನಿ ಕೋಣೆಯ ಆ ತುದಿಯವರೆಗೆ ಕೇಳಿಸಿತಂತೆ, ಪ್ರಹ್ಲಾದ ಸರ್ ಗಾಜಿನ ಆಚೆ ತಲೆಯೆತ್ತಿದರು.

ಅಣ್ಣ ಹೋದಾಗ ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಇಲ್ಲದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತ “ಹಲೋ, ನಂಬರ್ ಪ್ಲೀಸ್” ಎನ್ನುತ್ತಿದ್ದಳಂತೆ. ಸಕ್ಕರೆ ನೀರು ಇಳಿದ ಮೇಲೆ ಸರಿಯಾದಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಸೀಮಾಳೂ ನಾನೂ ಕಂಪನಿಯ ಹುಲ್ಲುಹಾಸಿನ ಅಂಚಿನಿಂದ ಗರಿಕೆ ಕಿತ್ತೆವು. “ಗಣೇಶ ಹಬ್ಬ ಇನ್ನೂ ದೂರ ಇದೆ ಮೇಡಂ” ಎಂದ ಕಾವಲಿನವನಿಗೆ ನಸೀಮಾ, “ನಿಮ್ಮ ಗಣೇಶನಿಗಲ್ಲ, ನಮ್ಮ ಹುಳುಗಳಿಗೆ” ಎಂದಳು. ಪ್ರಯೋಗಾಲಯದಲ್ಲಿ ಸಹವಾಸಿಯದೇ ಒಂದು ತಳಿ ಇದೆ. ಬೀಗ ತೆರೆದರೆ ಅದು ಇರುವ ದ್ರವ ನೀಲಿಯಾಗುತ್ತದೆ. ಒಂದು ನಳಿಕೆಗೆ ಹಾಲಿನ ಸಕ್ಕರೆ, ಇನ್ನೊಂದಕ್ಕೆ ಬರೀ ನೀರು, ಮತ್ತೊಂದಕ್ಕೆ ಅರೆದ ಗರಿಕೆಯ ತಿಳಿ, ಕೊನೆಯದಕ್ಕೆ ಗರಿಕೆಯ ಜೊತೆ ಚಿಟಿಕೆ ಗ್ಲೂಕೋಸ್. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾದೆವು.

ನೀರಿನದು ಬೆಳ್ಳಗೇ ಉಳಿಯಿತು. ಹಾಲಿನ ಸಕ್ಕರೆಯದು ನೀಲಿ. ಗರಿಕೆಯದೂ ನೀಲಿ, ಅಷ್ಟೇ ಗಾಢ. ಗ್ಲೂಕೋಸ್ ಸೇರಿದ್ದು ಮಾತ್ರ ಇದೆಯೋ ಇಲ್ಲವೋ ಎಂಬಂಥ ತೆಳು ಬಣ್ಣ.

“ಯಾ ಅಲ್ಲಾ,” ಎಂದು ನಸೀಮಾ ಕುರ್ಚಿಯಲ್ಲಿ ಕುಸಿದಳು. “ಬರೀ ಹೊಟ್ಟೆ, ಬರೀ ಹೊಟ್ಟೆ ಅಂತ ಎಲ್ಲರೂ ನಿಜಾನೇ ಹೇಳ್ತಿದ್ರಲ್ಲೇ. ನಮ್ಮ ತಂದೇನೂ ಬೆಳಿಗ್ಗೆ ಬೇವಿನ ರಸ ಕುಡೀತಾರೆ. ಏನು ತಿಂದ್ರಿ ಅಂದ್ರೆ ಬರೀ ಹೊಟ್ಟೆ ಅಂತಾರೆ. ಅದನ್ನ ಯಾರು ತಿಂಡಿ ಅಂತಾರೆ?”

ಯಾರೂ ಅನ್ನುವುದಿಲ್ಲ. ಬರೀ ಹೊಟ್ಟೆಗೆ ಕುಡಿಯುವುದು ನಮ್ಮ ಊರಿನಲ್ಲಿ ಊಟವೂ ಅಲ್ಲ, ಔಷಧಿಯೂ ಅಲ್ಲ. ಅದು ಮುಖ ತೊಳೆದ ಹಾಗೆ. ಸೊಪ್ಪಿನ ಸಾರನ್ನು ಅಮ್ಮ ದಿನಾ ತಿನ್ನುತ್ತಿದ್ದಳು. ಮುದ್ದೆಯ ಜೊತೆಗೆ, ಗ್ಲೂಕೋಸಿನ ಜೊತೆಗೆ, ಹಾಗಾಗಿ ಏನೂ ಆಗಿರಲಿಲ್ಲ. ಹಸಿ ಎಲೆ, ಖಾಲಿ ಹೊಟ್ಟೆ, ಎರಡೂ ಕೂಡಿದಾಗ ಲೈನು ಖಾಲಿ, ಆ ಕಡೆಯವರೂ ಹಾಜರು.

ಪ್ರಹ್ಲಾದ ಸರ್ ನಳಿಕೆಗಳನ್ನು ಕಿಟಕಿಗೆ ಹಿಡಿದು ನೋಡಿದರು. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

“ಹಸಿರೆಲೆಯ ಕೊಬ್ಬು ಒಡೆದಾಗ ಒಂದು ತುಣುಕು ಬರುತ್ತೆ. ಅದರ ಒಂದು ತುದಿ ಹಾಲಿನ ಸಕ್ಕರೆಯ ಅರ್ಧ ಭಾಗದ ಹಾಗೇ ಇರುತ್ತೆ. ಬೀಗಕ್ಕೆ ವ್ಯತ್ಯಾಸ ತಿಳಿಯೋದಿಲ್ಲ. ಹಳೇ ವಿಷಯ ಇದು.”

“ಹಳೇದು ಅಂದ್ರೆ… ಮೊದಲೇ ಗೊತ್ತಿತ್ತಾ ಸರ್?”

ಅವರು ನಳಿಕೆಯನ್ನು ಸ್ಟ್ಯಾಂಡಿನಲ್ಲಿ ಮೆಲ್ಲಗೆ ಇಳಿಸಿದರು. “ಎಲ್ಲೋ ಓದಿದ ನೆನಪು. ಹಸಿ ಸೊಪ್ಪು ಅರೆದು ಬರೀ ಹೊಟ್ಟೆಗೆ ಕುಡಿಯೋ ಜನ ಇರ್ತಾರೆ ಅಂತ ಯಾರು ಅಂದ್ಕೋತಾರೆ?” ಅವರ ಮೇಜಿನ ಮೇಲೆ ಮುಚ್ಚಳದ ಲೋಟವೊಂದಿತ್ತು. ಅದರೊಳಗೆ ಏನಿದೆ ಎಂದು ನೋಡುವ ಆಸೆಯನ್ನು ನಾನು ತಡೆದುಕೊಂಡೆ.

ಅವರು ಇನ್ನೊಂದು ವಿಷಯವನ್ನೂ ಹೇಳಿದರು. ಒಮ್ಮೆ ಪೂರ್ತಿ ತೆರೆದುಕೊಂಡ ಬ್ಯಾಕ್ಟೀರಿಯಾ ತನ್ನ ಮೈತುಂಬ ಬಾಗಿಲುಗಳನ್ನು ಮಾಡಿಕೊಂಡಿರುತ್ತದೆ, ಆ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಲು. ಆಮೇಲೆ ಅದಕ್ಕೆ ಹೊಟ್ಟೆತುಂಬ ಬೇಕಿಲ್ಲ, ಲವಲೇಶ ಸಾಕು. ಅದರ ಮರಿಗಳೂ ಆ ಬಾಗಿಲುಗಳನ್ನು ಹೊತ್ತುಕೊಂಡೇ ಹುಟ್ಟುತ್ತವೆ. ಪಕ್ಕದಲ್ಲೇ ಇರುವ, ಎಂದೂ ತೆರೆಯದ ಬ್ಯಾಕ್ಟೀರಿಯಾಕ್ಕೆ ಅದೇ ಲವಲೇಶದಿಂದ ಏನೂ ಆಗುವುದಿಲ್ಲ. ಅದಕ್ಕೇ ಅಮ್ಮನ ಗೋಡೆಗಳು ದಿನದಿಂದ ದಿನಕ್ಕೆ ಎತ್ತರವಾಗುತ್ತಿದ್ದದ್ದು.

‘ದುರ್ಬಳಕೆ’ಯ ಮನೆಗಳಿಗೆ ನಾನೇ ಫೋನ್ ಮಾಡುತ್ತೇನೆ ಎಂದೆ. ನಸೀಮಾ ಹುಬ್ಬೇರಿಸಿದಳು, ತಡೆಯಲಿಲ್ಲ. ಏನು ತಿಂದಿರಿ ಎಂದು ಕೇಳಲಿಲ್ಲ. ಬೆಳಿಗ್ಗೆ ನಿಮಗೆ ಏನಾದರೂ ಅರೆದು ಕೊಡುವವರು ಯಾರು, ಅವರಿಗೆ ಫೋನ್ ಕೊಡಿ ಎಂದೆ. ಕೆಲವರು ಕೊ‌ಟ್ಟರು. ಒಂದು ಮನೆಯಲ್ಲಿ ಗಂಡಸೊಬ್ಬರು, “ಅವಳು ಈಗ ಇಲ್ಲಿಲ್ಲ” ಎಂದರು. ಎಲ್ಲಿದ್ದಾರೆ ಎಂದು ಕೇಳುವ ಮೊದಲೇ ಇಟ್ಟುಬಿಟ್ಟರು. ಮತ್ತೆ ಮಾಡಿದೆ. ಎತ್ತುವ ತನಕ ಮಾಡಿದೆ.

ಅಣ್ಣ ತಾನು ಹೋಗುವುದಿಲ್ಲ, ಮುಖ ತೋರಿಸಲಾಗುವುದಿಲ್ಲ ಎಂದ. ಭಾನುವಾರದ ರೈಲಿನಲ್ಲಿ ನಾನೇ ಅರಸೀಕೆರೆಗೆ ಹೋದೆ. ಅತ್ತಿಗೆ ತವರಿನ ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದಳು. ನಾನು ನಳಿಕೆ, ನೀಲಿ, ಗರಿಕೆ ಎಲ್ಲವನ್ನೂ ಒಂದೇ ಸಮನೆ ಹೇಳಿದೆ. ಅವಳು ಕಡ್ಡಿ ಸೀಳುತ್ತಲೇ ಕೇಳಿದಳು.

“ಅಂದ್ರೆ ಕೊಟ್ಟಿದ್ದು ನಾನೇ ಅಂತಾಯ್ತು,” ಎಂದಳು.

“ಹಾಗಲ್ಲ ಅತ್ತಿಗೆ…”

“ಹಾಗೇ. ಇನ್ನೂ ನಾಲ್ಕು ದಿನ ಅರೆದಿದ್ರೆ ಅತ್ತೆ ಹೋಗಿಬಿಡ್ತಿದ್ರು, ನನ್ನ ಕೈಯಿಂದಲೇ.” ಕಡ್ಡಿಯನ್ನು ಪಕ್ಕಕ್ಕಿಟ್ಟಳು. “ಆ ಸೀಸೆ ಮೇಜಿನ ಮೇಲೆ ಇಟ್ಟಿದ್ದು ನೀನು ಅಂತ ನನಗೆ ಆವತ್ತೇ ಗೊತ್ತಿತ್ತು ಚಿನ್ಮಯಿ.”

ನಾನು ಜಗಲಿಯ ಮೇಲೆ ಬಿದ್ದಿದ್ದ ಗರಿಯ ಸೀಳುಗಳನ್ನು ಒಟ್ಟುಮಾಡತೊಡಗಿದೆ.

“ಮುಚ್ಚಳ ಗಟ್ಟಿಯಾಗಿ ಹಾಕಿತ್ತು. ನಿಮ್ಮಣ್ಣ ಹುಟ್ಟಿದಾಗಿಂದ ಯಾವುದಾದ್ರೂ ಮುಚ್ಚಳ ಹಾಕಿದಾರಾ?” ಅವಳ ತುಟಿಯ ಮೂಲೆ ಒಂಚೂರು ಎದ್ದು ಇಳಿಯಿತು. “ಒಂದು ಮಾತು ಕೇಳಬಹುದಿತ್ತು. ಬೈದುಕೊಂಡಾದ್ರೂ ಕೇಳಬಹುದಿತ್ತು.”

ಆವತ್ತು ಬರಲಿಲ್ಲ. ಮುಂದಿನ ವಾರ ಅಣ್ಣನೇ ಹೋದ, ಎರಡು ಸಲ. ಎರಡನೆಯ ಸಲ ಬಂದಳು.

ಅವಳು ಬಂದ ಮರುದಿನ ನನಗೆ ರಜೆ. ಗರಿಕೆ ನಿಂತಿತ್ತು. ಅಮ್ಮನ ಗೆರೆ ಊಟದ ನಂತರದ ಸಣ್ಣ ಗುಡ್ಡಗಳಿಗೆ ಮರಳಿತ್ತು. ಅಮ್ಮ ಬೇಗ ಎದ್ದು ಅತ್ತಿಗೆಗೆ ಇಷ್ಟವಾದ ಮಾವಿನಕಾಯಿ ಚಿತ್ರಾನ್ನಕ್ಕೆ ಕಾಯಿ ತುರಿದಿಟ್ಟಿದ್ದಳು. ಅವಳ ಕೋಣೆಯನ್ನು ಗುಡಿಸಿ ಹೊಸ ಹಾಸಿಗೆ ಬಟ್ಟೆ ಹಾಸಿದ್ದಳು. ನಮ್ಮೆಲ್ಲರ ಎದುರಿಗೇ, “ನನ್ನದು ತಪ್ಪಾಯ್ತು ಕಣೇ ದಾಕ್ಷಿ” ಎಂದಿದ್ದಳು. ಅಮ್ಮ ಆ ಮಾತನ್ನು ಯಾರಿಗೂ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಮನಸಾರೆ ಹೇಳಿದಳು. ಅದರಲ್ಲಿ ನನಗೆ ಅನುಮಾನವಿಲ್ಲ.

ಅತ್ತಿಗೆ ಹಾಲಿಲ್ಲದ ಕಾಫಿ ಮಾಡಿಕೊಂಡು ಬಂದಳು. ಲೋಟವನ್ನು ಅಮ್ಮನ ಮುಂದೆ ಇಡಲು ಬಗ್ಗಿದವಳು ತಡೆದು, ಅದನ್ನು ಎತ್ತಿ ಹಿಡಿದಳು.

“ಬೇಡ ಕಣೇ,” ಎಂದಳು ಅಮ್ಮ. “ಅದೆಲ್ಲ ಯಾಕೆ ಇನ್ನು?”

“ಬಿಸಿ ಇದೆಯಾ ನೋಡ್ತೀನಿ ಅತ್ತೆ,” ಎಂದಳು ಅತ್ತಿಗೆ.

ಗಂಟಲಿಗೆ ಒಂದು ಗುಟುಕು ಹುಯ್ದುಕೊಂಡಳು. ಅದು ಇಳಿಯಿತು. ಆಮೇಲಷ್ಟೇ ಅಮ್ಮನ ಕೈ ಮಡಿಲಿನಿಂದ ಎದ್ದು ಲೋಟದ ಕಡೆಗೆ ಚಾಚಿತು.